ಹಣ ಕೊಡುವ ಮೊದಲು ಒಂದು ಸಂಜೆ ಸ್ಕೂಬಾ ಅಂಗಡಿಗೆ ಹೋಗಿ ಬನ್ನಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮೂರು ಗದಗ. ಮಡಗಾಂವ್‌ನ ಒಂದು ಹೋಟೆಲಿನಲ್ಲಿ ಲೆಕ್ಕಪತ್ರದ ಕೆಲಸ. ವಯಸ್ಸು 26. ಹೋದ ವರ್ಷ ಈಜು ಕಲಿತೆ. ಈಗ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದನ್ನು, ಸರಿಯಾಗಿ ಕಲಿಯಬೇಕು ಅಂತ ಆಸೆ. ಸ್ಕೂಬಾ ಅಂಗಡಿಯವರೊಬ್ಬರು ಬೋಟು, ಊಟ, ವಿಡಿಯೋ ಎಲ್ಲಾ ಸೇರಿ 1,800 ರೂಪಾಯಿ ಅಂತಾರೆ. ಇನ್ನೊಬ್ಬರು ನಾಲ್ಕು ದಿನದ ಕೋರ್ಸಿಗೆ 26,000 ಕೇಳುತ್ತಾರೆ. ಮತ್ತೊಬ್ಬರು ಅದೇ ಕೋರ್ಸನ್ನು ಎರಡೇ ದಿನದಲ್ಲಿ 17,000ಕ್ಕೆ ಮುಗಿಸಿಕೊಡುತ್ತಾರಂತೆ. ಅಪ್ಪ ಬೇಡವೇ ಬೇಡ ಅನ್ನುತ್ತಿದ್ದಾರೆ. ಯಾರನ್ನು ನಂಬಲಿ?
— ಹೆಸರು ಬೇಡ, ಮಡಗಾಂವ್

ಉತ್ತರ: ತಂಗಿ, ನಿಮ್ಮ ಮುಂದಿರುವ ಮೂರೂ ಒಂದೇ ವಸ್ತು ಅಲ್ಲ. ಅದಕ್ಕೇ ಬೆಲೆ ಹೋಲಿಸಿ ತಲೆಕೆಡಿಸಿಕೊಳ್ಳಬೇಡಿ.

1,800ರದ್ದು ಬರೀ ನೀರಿನೊಳಗೆ ಮುಖ ಇಟ್ಟು ಬರುವ ಅನುಭವ. ಒಬ್ಬರು ಹಿಂದಿನಿಂದ ನಿಮ್ಮ ಸಿಲಿಂಡರ್ ಹಿಡಿದುಕೊಂಡಿರುತ್ತಾರೆ. ಸ್ವಲ್ಪ ಹೊತ್ತು ಮೀನು ನೋಡಿ ಮೇಲೆ ಬರುತ್ತೀರಿ. ಅದರಿಂದ ಸರ್ಟಿಫಿಕೇಟ್ ಬರುವುದಿಲ್ಲ, ಕಲಿತ ಹಾಗೂ ಆಗುವುದಿಲ್ಲ. ನೀವು ಕೇಳುತ್ತಿರುವುದು ಓಪನ್ ವಾಟರ್ ಕೋರ್ಸ್, ಸ್ಕೂಬಾದ ಮೊದಲ ಸರ್ಟಿಫಿಕೇಟಿನದ್ದು. ಇಂಥ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ಲೆಕ್ಕದಲ್ಲಿ ಅದಕ್ಕೆ ಪಾಠ, ಈಜುಕೊಳದಲ್ಲಿ 5 ಅಭ್ಯಾಸ, ಸಮುದ್ರದಲ್ಲಿ 4 ಡೈವ್ ಇರುತ್ತವೆ. ಮುಗಿಸಿದ ಮೇಲೆ ಜೊತೆಗಾರರೊಬ್ಬರೊಂದಿಗೆ 18 ಮೀಟರ್ ಆಳದವರೆಗೆ ಹೋಗಬಹುದು. ಕೋರ್ಸಿನಲ್ಲಿ ದಿನಕ್ಕೆ ಮೂರಕ್ಕಿಂತ ಜಾಸ್ತಿ ಸಮುದ್ರದ ಡೈವ್ ಮಾಡಿಸುವ ಹಾಗಿಲ್ಲ. ಅಂದರೆ ಸಮುದ್ರಕ್ಕೇ ಎರಡು ದಿನ ಬೇಕು. ಹಾಗಿದ್ದರೆ ಈಜುಕೊಳದ ಅಭ್ಯಾಸ ಯಾವಾಗ ಮಾಡಿಸುತ್ತಾರೆ? 17,000ದವರನ್ನು ಇದೊಂದು ಮಾತು ಕೇಳಿ ನೋಡಿ.

ನಾನು ಹೊನ್ನಾವರದವಳು. ಮದುವೆಯಾಗಿ ವಾಸ್ಕೋಗೆ ಬಂದು 19 ವರ್ಷ. ಮೊದಲ ಸಲ ನೀರಿಗಿಳಿದದ್ದು ಅಂಥ ಪ್ಯಾಕೇಜಿನಲ್ಲೇ. ಯಾವ ಅಂಗಡಿ ಅಂತ ಹೇಳುವುದಿಲ್ಲ. ಆಸ್ತಮಾ ಇದೆಯಾ, ಕಿವಿ ಸರಿಯಿದೆಯಾ, ಏನೂ ಕೇಳಲಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿಸಿ ಬೋಟಿಗೆ ಹತ್ತಿಸಿದರು. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಕಿವಿ ತೋರಿಸಿದೆ. ಹಿಂದಿದ್ದ ಹುಡುಗನಿಗೆ ನನ್ನ ಮುಖವೇ ಕಾಣುತ್ತಿರಲಿಲ್ಲ, ಕೆಳಗೆ ತಳ್ಳುತ್ತಲೇ ಇದ್ದ. ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತ. ಮೂರು ವಾರ ಆ ಕಿವಿ ಮಂದವಾಗಿತ್ತು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು, ಪ್ರತಿ ಮೀಟರಿಗೂ ಹಾಗೆ ಮಾಡುತ್ತಾ ಇಳಿಯಬೇಕು, ನೋವಾದರೆ ಸ್ವಲ್ಪ ಮೇಲೆ ಬರಬೇಕು. ಇಷ್ಟನ್ನು ದಡದಲ್ಲೇ ಹೇಳಿಕೊಡಬಹುದಿತ್ತು, ಅಲ್ವಾ? ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಎರಡು ವರ್ಷ ಸಮುದ್ರದ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಗೆಳತಿಯೊಬ್ಬಳ ಒತ್ತಾಯಕ್ಕೆ ಇನ್ನೊಂದು ಅಂಗಡಿಗೆ ಹೋದೆ. ಹಣ ಕಟ್ಟಲು ಅಲ್ಲ, ಸುಮ್ನೆ ನೋಡಲು. ಸಂಜೆ ಐದರ ಹೊತ್ತು, ಬೋಟು ಆಗತಾನೇ ವಾಪಸ್ ಬಂದಿತ್ತು. ಹಿತ್ತಿಲಲ್ಲಿ ಎರಡು ದೊಡ್ಡ ತೊಟ್ಟಿ, ಎರಡರಲ್ಲೂ ಸಿಹಿನೀರು. ಒಂದರಲ್ಲಿ ಮೈಗೆ ಹಾಕುವ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್ ಅದ್ದುತ್ತಿದ್ದರು. ಇನ್ನೊಂದು ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್‌ಗಳಿಗೇ ಮೀಸಲು. ಒಬ್ಬ ಹುಡುಗಿ ಪ್ರತಿ ರೆಗ್ಯುಲೇಟರಿನ ಮುಚ್ಚಳ ಒರೆಸಿ, ಹಾಕಿ, ಆಮೇಲೆ ನೀರಿಗೆ ಬಿಡುತ್ತಿದ್ದಳು. ಬಾಯಿಗೆ ಕಚ್ಚುವ ರಬ್ಬರನ್ನು ಬೇರೆ ತೊಳೆದಳು. ಇನ್‌ಸ್ಟ್ರಕ್ಟರ್ ನನ್ನ ಜೊತೆ ಮುಕ್ಕಾಲು ಗಂಟೆ ಕೂತರು. ಯಾವ ಮಾತ್ರೆ ತಗೋತೀರಿ, ಆಪರೇಷನ್ ಆಗಿದೆಯಾ, ಹಿಂದೆ ಕಿವಿಗೆ ಏನಾಗಿತ್ತು, ಎಲ್ಲ ಕೇಳಿದರು. ಕಿವಿ ಡಾಕ್ಟರ ಚೀಟಿ ತನ್ನಿ ಅಂದರು. ಚೀಟಿ ತಗೊಂಡು ಹೋದ ದಿನ ನನಗೆ ನೆಗಡಿ. 'ಇವತ್ತು ಬೇಡ, ಪೂರ್ತಿ ವಾಸಿಯಾದ ಮೇಲೆ ಬನ್ನಿ' ಅಂದರು. ಕೈಯಲ್ಲಿ ಹಣ ಹಿಡಿದುಕೊಂಡೇ ಹೋಗಿದ್ದೆ, ತಗೊಳ್ಳಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಕಲಿತರೆ ಇವರ ಹತ್ತಿರವೇ.

ಈಜುಕೊಳದಲ್ಲಿ ಮಾಸ್ಕಿಗೆ ನೀರು ತುಂಬಿಸಿಕೊಂಡು ಮತ್ತೆ ಖಾಲಿ ಮಾಡುವ ಅಭ್ಯಾಸ ಒಂದಿದೆ. ಮೇಲಿನ ಅಂಚನ್ನು ಬೆರಳಲ್ಲಿ ಒತ್ತಿ, ತಲೆ ಎತ್ತಿ, ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಹೇಳುವುದು ಸುಲಭ. ಮೂಗಿಗೆ ನೀರು ತಾಗಿದ ಕೂಡಲೇ ನಾನು ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದೆ. ಅವರು ನನ್ನೆದುರು ಮಂಡಿಯೂರಿ ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಹನ್ನೊಂದನೆಯ ಸಲಕ್ಕೆ ಬಂತು. ಎರಡೇ ದಿನದಲ್ಲಿ ಮುಗಿಸುತ್ತೇವೆ ಅನ್ನುವವರ ಹತ್ತಿರ ಆ ಹನ್ನೊಂದು ಸಲಕ್ಕೆ ಪುರುಸೊತ್ತು ಇರುತ್ತದೆಯೇ?

ನೀವೂ ಹಾಗೇ ಮಾಡಿ. ಒಂದು ಸಂಜೆ ಹೋಗಿ, ಅಪ್ಪ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಿಮಗೆ ಕಲಿಸುವವರು ಯಾರು ಅಂತ ಮೊದಲು ಕೇಳಿ. ಅಂಗಡಿಯ ಹೆಸರು ದೊಡ್ಡದಿದ್ದರೆ ಸಾಲದು. ಡೈವ್‌ಮಾಸ್ಟರ್ (ನೀರಿನೊಳಗೆ ದಾರಿ ತೋರಿಸುವವರು) ಬೇರೆ, ಇನ್‌ಸ್ಟ್ರಕ್ಟರ್ ಬೇರೆ. ಈ ಕೋರ್ಸಿಗೆ ಇನ್‌ಸ್ಟ್ರಕ್ಟರೇ ಬೇಕು. ಅವರಿಗೆ ಒಂದು ಸದಸ್ಯ ಸಂಖ್ಯೆ ಇರುತ್ತದೆ. ಪ್ಯಾಡಿಯವರಾದರೆ ಆ ಸಂಖ್ಯೆಯನ್ನು ಸಂಸ್ಥೆಯ 'ಪ್ರೊ ಚೆಕ್' ಪುಟದಲ್ಲಿ ಹಾಕಿದರೆ ಈಗ ಕಲಿಸುವ ಅರ್ಹತೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಸಂಖ್ಯೆ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಅಲ್ಲಿಂದ ಎದ್ದು ಬನ್ನಿ.

ಕಲಿಸುವ ಒಬ್ಬರಿಗೆ ಕಲಿಯುವವರು ಎಷ್ಟು ಜನ ಅಂತಲೂ ಕೇಳಿ. ನಿಯಮದಲ್ಲಿ ಸಮುದ್ರದಲ್ಲಿ 8 ಜನರವರೆಗೆ ಬಿಡುತ್ತಾರೆ. ನಮ್ಮ ಗೋವಾದ ಗ್ರಾಂಡೆ ದ್ವೀಪದ ಸುತ್ತ ನೀರು ಕಲಕಿದ ದಿನ ಮೂರು ಮೀಟರ್ ಆಚೆ ಇರುವವರು ನೆರಳಿನ ಹಾಗೆ ಕಾಣುತ್ತಾರೆ. ಅಂಥ ಕಡೆ ಎಂಟು ಜನರನ್ನು ಒಬ್ಬರು ಕಾಯುವುದು ಆಗದ ಮಾತು. ನಾಲ್ಕು ದಾಟಿದರೆ ನಾನಂತೂ ಇಳಿಯುವುದಿಲ್ಲ.

ಸಿಲಿಂಡರಿನ ಗಾಳಿಯನ್ನು ದಡದಲ್ಲೇ ಎರಡು ಸಲ ಎಳೆದು ನೋಡಿ. ವಾಸನೆ ಇರಬಾರದು. ಎಣ್ಣೆಯೋ ಡೀಸೆಲ್ಲೋ ಘಾಟು ಬಂದರೆ ಆ ಸಿಲಿಂಡರ್ ಬೇಡ. ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ ಅಂತ ಕೇಳಿ, 'ಇದೆ' ಅಂದರೆ ತೆರೆದು ತೋರಿಸಲು ಹೇಳಿ. ಲೈಫ್ ಜಾಕೆಟ್ ಎಣಿಸಿ. 2022ರ ಮೇ ತಿಂಗಳಲ್ಲಿ ಪಕ್ಕದ ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ದಡಕ್ಕೆ ಬರುತ್ತಿದ್ದ ಬೋಟು ಮಗುಚಿ ಇಬ್ಬರು ತೀರಿಕೊಂಡರು. ನೀರಿನೊಳಗಿನ ಬಗ್ಗೆ ನೂರು ಪ್ರಶ್ನೆ ಕೇಳುವವರೂ ಬೋಟಿನ ಬಗ್ಗೆ ಕೇಳಲು ಮರೆಯುತ್ತಾರೆ.

26,000ದಲ್ಲಿ ಪಾಠದ ಶುಲ್ಕ, ಸರ್ಟಿಫಿಕೇಟ್, ಬೋಟು, ಸಲಕರಣೆ ಎಲ್ಲ ಸೇರಿದೆಯಾ ಅಂತ ಬರೆಸಿಕೊಳ್ಳಿ. ಲೆಕ್ಕದವರು ನೀವು, ಇದನ್ನು ನಾನು ಹೇಳಬೇಕಿಲ್ಲ.

ಒಂದು ಸಣ್ಣ ವಿಷಯ ಈಗಲೇ ಕಲಿತುಬಿಡಿ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ಲ, 'ಮೇಲೆ ಹೋಗೋಣ' ಅಂತ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ತೊಂದರೆ ಇದ್ದರೆ ಅಂಗೈ ಚಾಚಿ ಅತ್ತಿತ್ತ ಅಲ್ಲಾಡಿಸಿ, ಆಮೇಲೆ ಕಿವಿ ತೋರಿಸಬೇಕು. ನನಗೆ ಅವತ್ತು ಇದು ಗೊತ್ತಿರಲಿಲ್ಲ.

ಪ್ರಶ್ನೆ: ಪುಣೆಯಲ್ಲಿದ್ದೇನೆ, ವಯಸ್ಸು 51, ಬಿಪಿ ಮಾತ್ರೆ ನುಂಗುತ್ತೇನೆ. ಕೋರ್ಸಿಗೆ ನಾಲ್ಕು ದಿನ ಒಟ್ಟಿಗೆ ರಜೆ ಸಿಗುವುದಿಲ್ಲ. ಈಜು ಅಷ್ಟಕ್ಕಷ್ಟೇ. ಆಗುತ್ತದೆಯೇ?

ಉತ್ತರ: ಆಗಬಹುದು ಸರ್. ಮೊದಲು ಆರೋಗ್ಯದ ಫಾರಂ ತರಿಸಿಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಸಹಿ ಹಾಕಿದರೆ ಮಾತ್ರ ಮುಂದಿನ ಮಾತು. ಮಾತ್ರೆ ವಿಷಯ ದಯವಿಟ್ಟು ಮುಚ್ಚಿಡಬೇಡಿ. ಕೋರ್ಸಿಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜಿಗೆ ಸಮಯದ ಮಿತಿ ಇಲ್ಲ, ನಿಧಾನವಾದರೂ ನಡೆಯುತ್ತದೆ. ಮೂರು ತಿಂಗಳು ಈಜುಕೊಳಕ್ಕೆ ಹೋಗಿ. ರಜೆಗೆ ದಾರಿ ಇದೆ. ಪಾಠ ಮತ್ತು ಈಜುಕೊಳದ ಭಾಗವನ್ನು ಪುಣೆಯಲ್ಲೇ ಶನಿವಾರ ಭಾನುವಾರ ಮುಗಿಸಿ, ಅಷ್ಟು ಮುಗಿದಿದೆ ಅನ್ನುವ ರೆಫರಲ್ ಪತ್ರ ಪಡೆದು, 12 ತಿಂಗಳ ಒಳಗೆ ಸಮುದ್ರದ 4 ಡೈವ್ ಮಾಡಿದರೆ ಸಾಕು. ನನ್ನನ್ನು ಕೇಳಿದರೆ ಆ ನಾಲ್ಕನ್ನು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮಾಡಿ. ಗೋವಾದ ನೀರಿಗಿಂತ ಅಲ್ಲಿ ತುಂಬಾ ತಿಳಿ. ಮಳೆಗಾಲದಲ್ಲಿ ಎರಡೂ ಕಡೆ ಬಂದ್, ಅಕ್ಟೋಬರ್ ಮೇಲೆ ವಿಚಾರಿಸಿ.

ಪ್ರಶ್ನೆ: ಗೋವಾದಲ್ಲಿ ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯೇ ಕಾರಿನಲ್ಲಿ ಬೆಳಗಾವಿಗೆ ಹೊರಡಬಹುದೇ? ವಿಮಾನ ಹತ್ತಬಾರದು ಅಂತ ಮಾತ್ರ ಅಂಗಡಿಯವರು ಹೇಳಿದರು.

ಉತ್ತರ: ಬೇಡಿ. ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ. ಎತ್ತರಕ್ಕೆ ಹೋದಾಗ ಗಾಳಿಯ ಒತ್ತಡ ಇಳಿದು, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳಬಹುದು. ಕೀಲು ನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೂ ಆಗುತ್ತದೆ. ಮೈಗೆ ವಿಮಾನವೂ ಒಂದೇ, ಘಟ್ಟವೂ ಒಂದೇ. ಸುಮಾರು 600 ಮೀಟರಿಗಿಂತ ಮೇಲೆ ಹೋಗುವುದಿದ್ದರೆ ಈ ನಿಯಮ ನೆನಪಿಡಬೇಕು. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಘಟ್ಟ ಹತ್ತಿಯೇ ಹೋಗಬೇಕು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಆಗಿದ್ದರೆ 18 ಗಂಟೆ ಕೆಳಗೇ ಇರಿ. ಭಾನುವಾರ ರಾತ್ರಿ ಪಣಜಿಯಲ್ಲೋ ಮಾಪ್ಸಾದಲ್ಲೋ ಉಳಿದು, ಸೋಮವಾರ ಬೆಳಿಗ್ಗೆ ನಿಧಾನವಾಗಿ ತಿಂಡಿ ತಿಂದು ಹೊರಡಿ. ಸೋಮವಾರ ರಜೆ ಇಲ್ಲದಿದ್ದರೆ ಡೈವ್ ಶನಿವಾರಕ್ಕೇ ಇಟ್ಟುಕೊಳ್ಳಿ.