ಚಾಕುವಿನ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ?

ಮಾನ್ಯರೇ,

ಕೃತಕ ಬುದ್ಧಿಮತ್ತೆಯ ನೈತಿಕತೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಬರೆದ ಸಂಪಾದಕೀಯಕ್ಕೆ ನೀವು ಎತ್ತಿರುವ ಆಕ್ಷೇಪ ನೇರವಾಗಿದೆ. ಚಾಕು ತರಕಾರಿಯನ್ನೂ ಹೆಚ್ಚುತ್ತದೆ, ಕೊರಳನ್ನೂ ಕೊಯ್ಯುತ್ತದೆ. ಪಾಪಪುಣ್ಯ ಹಿಡಿದ ಕೈಗೆ ಸೇರಿದ್ದೇ ಹೊರತು ಚಾಕುವಿಗಲ್ಲ. ಆದ್ದರಿಂದ ಯಂತ್ರಕ್ಕೆ ನೀತಿಯ ಮಾತು ಹೊಂದುವುದಿಲ್ಲ ಎಂದಿದ್ದೀರಿ. ಪತ್ರದ ಕೊನೆಯಲ್ಲಿ ನಿಮ್ಮ ಉದ್ಯೋಗದ ಸಂಗತಿಯನ್ನೂ ತಿಳಿಸಿದ್ದೀರಿ. ಕೆಲಸ ಕೇಳಿ ಬರುವ ಅರ್ಜಿಗಳನ್ನು ತಂತ್ರಾಂಶವೊಂದು ಜರಡಿ ಹಿಡಿಯುತ್ತದೆ, ಉಳಿದ ಹೆಸರುಗಳ ಪಟ್ಟಿಗೆ ನೀವು ಸಹಿ ಹಾಕುತ್ತೀರಿ. ಆರಿಸಿದ್ದು ಯಂತ್ರವಾಗಿರುವಾಗ ನಿಮ್ಮ ಹೊಣೆ ಏನು ಎಂದು ಕೇಳಿದ್ದೀರಿ. ಉತ್ತರ ಇಷ್ಟು ದೀರ್ಘವಾಗಲು ಈ ಪ್ರಶ್ನೆಯೇ ಕಾರಣ.

ಚಾಕುವಿನ ಮಾತು ಚಾಕುವಿನ ಮಟ್ಟಿಗೆ ನಿಜ. ಹಿಡಿದವರಿಗೆ ಅದರ ಅಲಗು ಕಾಣುತ್ತದೆ, ಎಷ್ಟು ಒತ್ತಿದರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಅಲಗು ಎಲ್ಲಿದೆ ಎಂಬುದೇ ಹಿಡಿದವರಿಗೆ ಕಾಣದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯದಾದರೂ ಮರೆಯಲಾಗದ ಒಂದು ಪ್ರಕರಣವಿದೆ.

1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್‌-25 ಎಂಬ ವಿಕಿರಣ ಚಿಕಿತ್ಸಾ ಯಂತ್ರವು ಆರು ರೋಗಿಗಳ ಮೈಗೆ ನಿಗದಿಗಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣವನ್ನು ಹಾಯಿಸಿತು. ಅವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡರು. 1986ರಲ್ಲಿ ಟೆಕ್ಸಸ್‌ನ ಟೈಲರ್‌ ಎಂಬಲ್ಲಿ, ಯಂತ್ರ ನಡೆಸುತ್ತಿದ್ದ ಮಹಿಳೆ ಎಲೆಕ್ಟ್ರಾನ್‌ ಚಿಕಿತ್ಸೆಗಾಗಿ ‘ಇ’ ಒತ್ತಬೇಕಾದಲ್ಲಿ ಎಕ್ಸ್‌-ರೇಯ ‘ಎಕ್ಸ್‌’ ಒತ್ತಿ, ತಪ್ಪು ತಿಳಿದ ಕೂಡಲೇ ತಿದ್ದಿದರು. ಪಳಗಿದ ಕೈಯಾದ್ದರಿಂದ ತಿದ್ದುವ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು. ಪರದೆಯ ಮೇಲೆ ತಿದ್ದಿದ ಅಕ್ಷರವೇ ಕಾಣುತ್ತಿತ್ತು. ಆದರೆ ಒಳಗಿನ ಅಯಸ್ಕಾಂತಗಳು ಅಣಿಯಾಗಲು ತೆಗೆದುಕೊಳ್ಳುವ ಸುಮಾರು 8 ಸೆಕೆಂಡುಗಳಲ್ಲಿ ಮಾಡಿದ ಬದಲಾವಣೆಯನ್ನು ತಂತ್ರಾಂಶ ಗಮನಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕಿರಣ ಹಾಯಿಸಿದ ಕೂಡಲೇ ಪರದೆಯ ಮೇಲೆ ‘ಮಾಲ್‌ಫಂಕ್ಷನ್‌ 54’ (ದೋಷ 54) ಎಂಬ ಸೂಚನೆ ಬಂತು. ಅದು ಏನೆಂದು ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಆ ಯಂತ್ರದಲ್ಲಿ ಇಂತಹ ಸೂಚನೆಗಳು ಪದೇ ಪದೇ ಬರುತ್ತಿದ್ದವು. ಮುಂದುವರಿಸಲು ‘ಪಿ’ ಒತ್ತಿದರೆ ಸಾಕಿತ್ತು. ಅವರು ಒತ್ತಿದರು. ಅಂದು ಚಿಕಿತ್ಸಾ ಕೊಠಡಿಯನ್ನು ತೋರಿಸುವ ವಿಡಿಯೊ ಸಂಪರ್ಕವೂ ಇರಲಿಲ್ಲ, ಒಳಗಿನ ದನಿ ಕೇಳಿಸುವ ಸಾಧನವೂ ಕೆಟ್ಟಿತ್ತು. ಮೊದಲ ಹೊಡೆತಕ್ಕೆ ನೋವಿನಿಂದ ಏಳಲು ಹೊರಟಿದ್ದ ರೋಗಿಗೆ ಎರಡನೆಯದೂ ತಗುಲಿತು.

ನಿಮ್ಮ ಹೋಲಿಕೆಯ ಪ್ರಕಾರ ಹಿಡಿದ ಕೈ ಆ ಮಹಿಳೆಯದು. ಆದರೆ ಅವರು ಕಲಿಸಿದ್ದನ್ನು ಕಲಿಸಿದಂತೆಯೇ ಮಾಡಿದ್ದರು. ಹಿಂದಿನ ಮಾದರಿಯಾದ ಥೆರಾಕ್‌-20ರ ತಂತ್ರಾಂಶದಲ್ಲೂ ಇದೇ ದೋಷವಿತ್ತು ಎಂದು ಆಮೇಲೆ ತಿಳಿಯಿತು. ಅಲ್ಲಿ ಯಾರೂ ಸಾಯಲಿಲ್ಲ, ಏಕೆಂದರೆ ತಂತ್ರಾಂಶ ತಪ್ಪಿದರೂ ಕಿರಣವನ್ನು ತಡೆಯುವ ಬೇರೆಯದೇ ವಿದ್ಯುತ್‌ ವ್ಯವಸ್ಥೆ ಅದರಲ್ಲಿತ್ತು. ಹೊಸ ಮಾದರಿಯಲ್ಲಿ ಆ ತಡೆಗಳನ್ನು ತೆಗೆದು, ತಂತ್ರಾಂಶವನ್ನೇ ನಂಬಲಾಯಿತು. ಅನಾಹುತದ ದೂರುಗಳು ಬಂದಾಗಲೂ ಇಷ್ಟೊಂದು ವಿಕಿರಣ ಹೊಮ್ಮುವುದು ಅಸಾಧ್ಯವೆಂದು ತಯಾರಕರು ಹೇಳುತ್ತಿದ್ದರು. ನೀತಿಯ ನಿರ್ಧಾರ ನಡೆದದ್ದು ಆ ತಡೆಯನ್ನು ತೆಗೆಯಬಹುದೆಂದು ಒಪ್ಪಿದ ಮೇಜಿನ ಸುತ್ತ. ರೋಗಿ ಬಂದು ಮಲಗುವ ಹೊತ್ತಿಗೆ ಅದು ಯಂತ್ರದೊಳಗೆ ಸೇರಿಹೋಗಿತ್ತು. ಯಂತ್ರದ ನೀತಿ ಎಂದು ನಾವು ಬರೆದಾಗ ಮನಸ್ಸಿನಲ್ಲಿದ್ದದ್ದು ಇದೇ. ಒಳಿತೂ ಹಾಗೆಯೇ ಸೇರಬಲ್ಲದು ಎಂಬುದನ್ನು ಇಲ್ಲಿಯೇ ಹೇಳಬೇಕು: 1959ರಲ್ಲಿ ತನ್ನ ಎಂಜಿನಿಯರ್‌ ನೀಲ್ಸ್‌ ಬೋಲಿನ್‌ ರೂಪಿಸಿದ ಮೂರು ಬಿಂದುಗಳ ಸೀಟ್‌ ಬೆಲ್ಟನ್ನು ಬೇರೆ ಕಾರು ತಯಾರಕರೂ ಬಳಸಲು ವೋಲ್ವೊ ಕಂಪನಿ ಬಿಟ್ಟುಕೊಟ್ಟಿತು.

ಇನ್ನು ಸಹಿಯ ವಿಷಯ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಬಂದ ಹೊರೈಜನ್‌ ಎಂಬ ಲೆಕ್ಕದ ತಂತ್ರಾಂಶ, ಕಳೆದುಹೋಗದ ಹಣವನ್ನು ಕಳೆದುಹೋಗಿದೆ ಎಂದು ತೋರಿಸುತ್ತಿತ್ತು. ಅದನ್ನು ಆಧರಿಸಿ, ಆ ಕಚೇರಿಗಳನ್ನು ನಡೆಸುತ್ತಿದ್ದವರೂ ಸೇರಿದಂತೆ 900ಕ್ಕೂ ಹೆಚ್ಚು ಮಂದಿಯನ್ನು ಕಳ್ಳತನ, ಸುಳ್ಳು ಲೆಕ್ಕದಂತಹ ಅಪರಾಧಗಳಲ್ಲಿ ತಪ್ಪಿತಸ್ಥರೆಂದು ಘೋಷಿಸಲಾಯಿತು; ಕೆಲವರು ಸೆರೆಮನೆಗೆ ಹೋದರು, ಹಲವರು ಮನೆಮಠ ಕಳೆದುಕೊಂಡರು. ಸಹಾಯವಾಣಿಗೆ ಕರೆ ಮಾಡಿದ ಎಷ್ಟೋ ಜನರಿಗೆ, ಈ ತೊಂದರೆ ನಿಮಗೊಬ್ಬರಿಗೇ ಎಂಬ ಉತ್ತರ ಸಿಕ್ಕಿತು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಹೈಕೋರ್ಟ್‌ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಸಂಸತ್ತು ಕಾಯ್ದೆ ಮಾಡಿದ್ದು 2024ರಲ್ಲಿ. ಈ ಪ್ರಕರಣವನ್ನು ಓದುವಾಗಲೆಲ್ಲ ನನಗೆ ತಡೆಯಲಾಗದ ಸಂಕಟವಾಗುವುದು ಮಧ್ಯದಲ್ಲಿದ್ದವರನ್ನು ನೆನೆದು. ಲೆಕ್ಕ ತಪಾಸಿಗರು, ತನಿಖೆ ಮಾಡಿದವರು, ವಕೀಲರು, ಇವರಲ್ಲಿ ಯಾರಾದರೂ ಒಬ್ಬರು ಕಾಗದವನ್ನು ಕೆಳಗಿಟ್ಟು, ಎದುರಿಗಿದ್ದ ಮನುಷ್ಯನ ಮಾತನ್ನು ಪೂರ್ತಿ ಕೇಳಿದ್ದರೆ ಎಷ್ಟು ಬದುಕುಗಳು ಉಳಿಯುತ್ತಿದ್ದವು!

ನಿಮ್ಮ ಜಾಗ ಅವರದೇ ಸಾಲಿನಲ್ಲಿದೆ ಎಂದು ಹೇಳಲು ನನಗೆ ಕಷ್ಟವಾಗುತ್ತದೆ, ಆದರೆ ಹೇಳಲೇಬೇಕು. ನಿಮ್ಮ ತಂತ್ರಾಂಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೂ ಅಮೆಜಾನ್‌ ಕಂಪನಿ ಅರ್ಜಿಗಳನ್ನು ಅಳೆಯಲೆಂದು ಸಿದ್ಧಪಡಿಸಿ ಕೈಬಿಟ್ಟ ತಂತ್ರಾಂಶದ ಸಂಗತಿ 2018ರಲ್ಲಿ ವರದಿಯಾದದ್ದನ್ನು ಗಮನಿಸಿ. ಹತ್ತು ವರ್ಷಗಳ ಹಳೆಯ ಅರ್ಜಿಗಳಿಂದ ಅದು ಪಾಠ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವಾದ್ದರಿಂದ, ಮಹಿಳೆಯರ ಸಂಘ, ಮಹಿಳೆಯರ ಕಾಲೇಜು ಎಂಬ ಉಲ್ಲೇಖ ಕಂಡರೆ ಅರ್ಜಿಯ ಅಂಕವನ್ನು ಇಳಿಸುತ್ತಿತ್ತು. ಹಾಗೆ ಮಾಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಬರಿಯ ಅಂತಿಮ ಪಟ್ಟಿಯನ್ನು ನೋಡಿದವರಿಗೆ ಇದು ಗೊತ್ತಾಗುವಂತೆಯೂ ಇರಲಿಲ್ಲ, ಏಕೆಂದರೆ ಕೈಬಿಟ್ಟ ಹೆಸರುಗಳು ಪಟ್ಟಿಯಲ್ಲಿ ಇರುವುದಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಸಲ ಸಹಿ ಹಾಕುವ ಮೊದಲು, ತಂತ್ರಾಂಶ ತಳ್ಳಿಹಾಕಿದ ಅರ್ಜಿಗಳಲ್ಲಿ ಹತ್ತನ್ನು ತರಿಸಿಕೊಂಡು ನೀವೇ ಓದಿ. ಅವನ್ನು ಏಕೆ ತಳ್ಳಿಹಾಕಲಾಯಿತು ಎಂದು ನಿಮ್ಮ ಕಚೇರಿಯಲ್ಲಿ ಕೇಳಿ, ಅರ್ಜಿದಾರರೇ ಬಂದು ಕೇಳಿದರೆ ಉತ್ತರ ಕೊಡುವವರು ಯಾರು ಎಂದೂ ವಿಚಾರಿಸಿ. ನಿಮಗೆ ಸಿಕ್ಕ ಉತ್ತರವನ್ನು, ಯಾರ ಹೆಸರನ್ನೂ ಎತ್ತದೆ, ನಮಗೆ ಬರೆದು ತಿಳಿಸಿ. ನನ್ನ ಅನುಮಾನ ಸುಳ್ಳಾಗಿದ್ದರೂ ಸರಿ, ಇದೇ ಅಂಕಣದಲ್ಲಿ ಅದನ್ನು ಪೂರ್ತಿಯಾಗಿ ಪ್ರಕಟಿಸುತ್ತೇವೆ.

— ಸಂಪಾದಕ