ಮಾತ್ರೆ ಕರಗದೆ ಹೊರಬಂದರೆ ಔಷಧ ದಂಡವೇ?

ಪ್ರಶ್ನೆ: ನಮ್ಮ ತಂದೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆ ತಗೊಳ್ಳುತ್ತಾರೆ. ಎರಡು ಸಲ ಮಲದಲ್ಲಿ ಮಾತ್ರೆ ಹಾಗೇ ಕಾಣಿಸಿತಂತೆ. ಔಷಧ ಮೈಗೆ ಹತ್ತುತ್ತಿಲ್ಲವಾ? ಇನ್ನು ಮೇಲೆ ಪುಡಿ ಮಾಡಿ ಕೊಡೋಣ ಅಂತಿದ್ದೇವೆ. ಎಸ್‌ಆರ್ ಅಂದರೇನು?

ಉತ್ತರ: ದಯವಿಟ್ಟು ಪುಡಿ ಮಾಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಎಸ್‌ಆರ್ ಅಂದರೆ ಸಸ್ಟೇನ್ಡ್ ರಿಲೀಸ್. ಔಷಧವನ್ನು ಒಂದೇ ಸಲಕ್ಕೆ ಬಿಡದೆ, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುವ ಮಾತ್ರೆ. ಇಆರ್, ಎಕ್ಸ್‌ಆರ್ ಅಂತ ಬರೆದಿದ್ದರೂ ಹೆಚ್ಚುಕಮ್ಮಿ ಅದೇ.

ಔಷಧದಂಗಡಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಎರಡು ಲೋಟ ನೀರಿಟ್ಟು ನೋಡಿದ್ದೆ. ಮಾಮೂಲಿ ಮಾತ್ರೆ ಕೆಲವೇ ನಿಮಿಷದಲ್ಲಿ ಒಡೆದು ತಳ ಸೇರಿತು. ಎಸ್‌ಆರ್ ಮಾತ್ರೆ ಉಬ್ಬಿತು, ಅಂಚೆಲ್ಲ ಲೋಳೆಯಾಯಿತು. ಬೆಳಿಗ್ಗೆ ಹಾಕಿದ್ದು ಸಂಜೆಗೂ ಮುದ್ದೆಯಾಗಿ ಕೂತಿತ್ತು, ಮುಟ್ಟಿದರೆ ಬೆರಳಿಂದ ಜಾರುತ್ತಿತ್ತು. ಇಂಥ ಎಷ್ಟೋ ಮಾತ್ರೆಗಳಲ್ಲಿ ಹೈಪ್ರೊಮೆಲೋಸ್ ಎಂಬ ಪದಾರ್ಥ ಇರುತ್ತದೆ, ಗಿಡಗಳ ನಾರಿನಲ್ಲಿರುವ ಸೆಲ್ಯುಲೋಸಿನಿಂದ ಮಾಡಿದ್ದು. ನೀರು ಆ ಲೋಳೆಯೊಳಗೆ ಇಳಿಯಬೇಕು, ಔಷಧ ಕರಗಬೇಕು, ಕರಗಿದ್ದು ಲೋಳೆಯನ್ನು ದಾಟಿ ಹೊರಬರಬೇಕು. ತಡ ಆಗುವುದು ಅಲ್ಲೇ. ಯೂರಿಯಾ ಕಾಳಿಗೆ ಗಂಧಕದ ಲೇಪ ಕೊಡುವುದರ ಹಿಂದೆಯೂ ಇದೇ ಲೆಕ್ಕ: ಗೊಬ್ಬರ ಒಂದೇ ಸಲ ಕರಗಿಹೋಗಬಾರದು, ಅಲ್ವಾ?

ತಂದೆಯವರಿಗೆ ಕಂಡದ್ದು ಬಹುಪಾಲು ಔಷಧ ಬಿಟ್ಟುಕೊಟ್ಟ ಮೇಲೆ ಉಳಿದ ಆ ಮುದ್ದೆ. ಅದಕ್ಕೆ ಗಾಬರಿ ಬೇಡ. ಆದರೆ ಭೇದಿಯಾಗುತ್ತಿದ್ದರೆ, ಸಕ್ಕರೆ ಏರುತ್ತಿದ್ದರೆ ಡಾಕ್ಟರಿಗೆ ತಿಳಿಸಿ.

ಪುಡಿ ಮಾಡಿದರೆ ಇಡೀ ದಿನದ ಔಷಧ ಒಟ್ಟಿಗೇ ಹೊಟ್ಟೆಗೆ ಸುರಿಯುತ್ತದೆ. ಮೆಟ್‌ಫಾರ್ಮಿನ್ ಆದರೆ ವಾಂತಿ, ಭೇದಿ ಜಾಸ್ತಿಯಾಗಬಹುದು. ಬಿಪಿ ಮಾತ್ರೆಗಳಲ್ಲಿ ಇನ್ನೂ ಕಷ್ಟ. ನುಂಗಲಾಗದ ಅಜ್ಜಿಯೊಬ್ಬರಿಗೆ ಮನೆಯವರು ಪ್ರೀತಿಯಿಂದಲೇ ಅರೆದು ಕೊಟ್ಟಿದ್ದರು. ಅಜ್ಜಿ ಎದ್ದು ನಿಂತವರು ಹಾಗೇ ಕುಸಿದರು. ಆ ಮಗಳ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಮಾರ್ಫಿನ್‌ನಂಥ ಕಡು ನೋವಿನ ಔಷಧಗಳಲ್ಲಂತೂ ಜೀವಕ್ಕೇ ಅಪಾಯ. ಪ್ಯಾಲಡೋನ್ ಎಂಬ ಅಂಥದೇ ನೋವಿನ ಕ್ಯಾಪ್ಸೂಲ್ ಪುಡಿ ಮಾಡದಿದ್ದರೂ ಮದ್ಯದ ಜೊತೆ ಸೇರಿದರೆ ಔಷಧವನ್ನೆಲ್ಲ ಬೇಗ ಬಿಟ್ಟುಬಿಡುತ್ತದೆ ಅಂತ ಗೊತ್ತಾಗಿ, 2005ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ವಾಪಸ್ ತೆಗೆಸಿದರು.

ನಡುವೆ ಗೆರೆ ಇರುವ ಕೆಲವು ಮಾತ್ರೆಗಳನ್ನು ಎರಡು ಭಾಗ ಮಾಡಬಹುದು, ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್ ಹಾಗೆ. ಅದನ್ನೂ ಕೇಳಿಯೇ ಮಾಡಿ, ಅರೆಯುವುದಂತೂ ಬೇಡ.

ತಂದೆಗೆ ನುಂಗೋದೇ ಕಷ್ಟವಾಗಿದ್ದರೆ ಡಾಕ್ಟರಿಗೆ ಹೇಳಿ. ಮೆಟ್‌ಫಾರ್ಮಿನ್ ದ್ರವದ ರೂಪದಲ್ಲೂ ಇದೆ, ಮಾಮೂಲಿ ಮಾತ್ರೆಯೂ ಇದೆ. ಹಾಗೆ ಬದಲಿಸಿದರೆ ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡಬೇಕಾಗಬಹುದು. ಎಷ್ಟು, ಯಾವಾಗ ಅನ್ನುವುದನ್ನು ಅವರೇ ಚೀಟಿಯಲ್ಲಿ ಬರೆದುಕೊಡಲಿ.