ಕಲಿಯುವ ಪ್ರಶ್ನೆ ಬೇರೆ, ಗಳಿಸುವ ಪ್ರಶ್ನೆ ಬೇರೆ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರಗಳು. ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯವನು, ವಯಸ್ಸು 22. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ, ಮೂರು ವರ್ಷಗಳಿಂದ ಸೋದರಮಾವನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದೇನೆ. ಸುಟ್ಟ ಬೋರ್‌ವೆಲ್ ಮೋಟಾರನ್ನು ಬಿಚ್ಚಿ, ಕಾಯಿಲ್ ಕಟ್ಟಿ, ಮತ್ತೆ ಓಡಿಸುವುದನ್ನು ಈಗ ಯಾರ ನೆರವೂ ಇಲ್ಲದೆ ಮಾಡಬಲ್ಲೆ. ಮಾವನಿಗೆ ಗಂಡುಮಕ್ಕಳಿಲ್ಲ. ಬರುವ ದೀಪಾವಳಿಗೆ ಅಂಗಡಿಯನ್ನು ನನ್ನ ಹೆಸರಿಗೆ ಮಾಡಿಕೊಡುತ್ತೇನೆ, ಒಪ್ಪಿಗೆ ಹೇಳು ಎನ್ನುತ್ತಿದ್ದಾರೆ. ಆದರೆ ಹೈಸ್ಕೂಲಿನಿಂದಲೂ ನನಗೆ ಬಳಪದ ಕಲ್ಲಿನಲ್ಲಿ ಕೆತ್ತುವ ಹಂಬಲ. ಅಂಗಡಿ ಮುಚ್ಚಿ ಬಂದ ಮೇಲೆ ರಾತ್ರಿ ಹಿತ್ತಿಲಿನಲ್ಲಿ ಬಲ್ಬು ಹಾಕಿಕೊಂಡು ಕೆತ್ತುತ್ತೇನೆ. ಶಿಲ್ಪವನ್ನು ಕ್ರಮವಾಗಿ ಕಲಿತು ಶಿಲ್ಪಿಯಾಗಿಯೇ ಬದುಕಬೇಕೆಂಬ ಆಸೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಅರುಣ್ ಯೋಗಿರಾಜ್ ಅವರೂ ಕೆಲಸ ಬಿಟ್ಟು ಬಂದವರಲ್ಲವೇ ಎಂದರೆ, 'ಅವರ ಮನೆ ಬೇರೆ, ನಮ್ಮ ಮನೆ ಬೇರೆ' ಎನ್ನುತ್ತಾರೆ ಅಪ್ಪ. ತಂಗಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಇರುವುದು ಎರಡು ಎಕರೆ ತೆಂಗು. ನಾನು ಯಾವುದನ್ನು ಆರಿಸಿಕೊಳ್ಳಲಿ? ನಾನು ಕೆತ್ತಿದ ಒಂದು ಚಿಕ್ಕ ಮೂರ್ತಿಯ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರಕ್ಕಿಂತ ಮೊದಲು ಆ ಫೋಟೋ ಬಗ್ಗೆ ಹೇಳುತ್ತೇನೆ, ಏಕೆಂದರೆ ನನ್ನ ಉತ್ತರದ ಅರ್ಧ ಭಾಗ ಅದರಿಂದಲೇ ಹುಟ್ಟಿದೆ. ಅಜ್ಜಿ ಕಾಲು ಮಡಿಸಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಎಡ ಅಂಗೈಯ ಮೇಲೆ ಎಲೆ ಅಂಗಾತ ಮಲಗಿದೆ. ಸುಣ್ಣ ಹಚ್ಚುವ ಬೆರಳಿನ ತುದಿ ಎಲೆಗೆ ತಾಗಿಯೂ ತಾಗದಂತಿದೆ, ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆಂದು ಬಲ್ಲ ಬೆರಳು ಅದು. ಇದನ್ನು ನೀವು ಯಾವ ಚಿತ್ರವನ್ನೂ ನೋಡಿ ಮಾಡಿಲ್ಲ, ವರ್ಷಗಟ್ಟಲೆ ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡಿ ಮಾಡಿದ್ದೀರಿ. ಆದರೆ ಸೀರೆಯ ಕೆಳಗಿನ ಮಂಡಿ ಎಲ್ಲಿ ಮಡಿಚಿದೆ, ಸೊಂಟದ ಭಾರ ನೆಲದ ಮೇಲೆ ಹೇಗೆ ಬಿದ್ದಿದೆ ಎಂಬುದು ನಿಮಗೆ ತಿಳಿದಿಲ್ಲ. ಅಲ್ಲಿ ನೆರಿಗೆಗಳನ್ನು ದಟ್ಟವಾಗಿ ಕೊರೆದು ಮುಚ್ಚಿದ್ದೀರಿ. ಅಜ್ಜಿಯ ಕೈಯನ್ನು ಕಂಡು ಕೆತ್ತಿದ್ದೀರಿ, ಕಾಲನ್ನು ಊಹಿಸಿ ಕೆತ್ತಿದ್ದೀರಿ. ಈ ಕೊರತೆ ರಾತ್ರಿ ಹಿತ್ತಿಲಿನಲ್ಲಿ ಇನ್ನೂ ಹತ್ತು ವರ್ಷ ಒಬ್ಬರೇ ಕುಳಿತು ಕೆತ್ತಿದರೂ ತುಂಬುವಂಥದ್ದಲ್ಲ. ಪಕ್ಕದಲ್ಲಿ ನಿಂತು ತಪ್ಪು ತೋರಿಸುವ ಗುರುವೊಬ್ಬರು ಬೇಕು.

ಆದ್ದರಿಂದ ಕಲಿಯಲು ಹೋಗಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ನೀವು ಕೇಳಿರುವುದು ಅಷ್ಟನ್ನೇ ಅಲ್ಲ. ಶಿಲ್ಪವನ್ನು ಕಲಿಯಬೇಕೇ ಎಂಬುದು ಒಂದು ಪ್ರಶ್ನೆ, ಶಿಲ್ಪದಿಂದಲೇ ಮನೆ ನಡೆಸಬೇಕೇ ಎಂಬುದು ಇನ್ನೊಂದು. ನೀವು, ನಿಮ್ಮ ತಂದೆ, ನಿಮ್ಮ ಮಾವ ಮೂವರೂ ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿರುವುದರಿಂದ, ದೀಪಾವಳಿಯ ಹೊತ್ತಿಗೆ ಒಂದು ಬದುಕನ್ನು ಹಿಡಿದು ಇನ್ನೊಂದನ್ನು ಬಿಡಲೇಬೇಕು ಎಂಬಂತೆ ತೋರುತ್ತಿದೆ. ಮೊದಲನೆಯದನ್ನು ಈಗ ತೀರ್ಮಾನಿಸಿ. ಎರಡನೆಯದನ್ನು ತೀರ್ಮಾನಿಸಲು ಬೇಕಾದ ತಿಳಿವಳಿಕೆ ನಿಮ್ಮಲ್ಲಿ ಇನ್ನೂ ಇಲ್ಲ.

ಶಿಲ್ಪಿಯ ದಿನಚರಿ ಹೇಗಿರುತ್ತದೆ ಎಂಬುದನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ ಪತ್ರದಿಂದ ಗೊತ್ತಾಗಲಿಲ್ಲ. ಇಂದು ಕಲ್ಲಿನ ಕೆಲಸಕ್ಕೆ ಹಣ ಕೊಡುವವರಲ್ಲಿ ಹೆಚ್ಚಿನವರು ದೇವಸ್ಥಾನದ ಸಮಿತಿಯವರು, ಮನೆಯ ಮುಂದೆ ಗಣಪತಿ ಬೇಕೆನ್ನುವವರು, ವೃತ್ತದಲ್ಲಿ ಮಹನೀಯರ ಪ್ರತಿಮೆ ನಿಲ್ಲಿಸುವವರು. ದೇವರ ಮೂರ್ತಿಗೆ ನವತಾಳ, ದಶತಾಳ ಎಂದು, ಅಂದರೆ ಮುಖದ ಉದ್ದದ ಒಂಬತ್ತರಷ್ಟು, ಹತ್ತರಷ್ಟು ಎತ್ತರ ಎಂದು, ಅಳತೆ ಗೊತ್ತುಮಾಡಿರುತ್ತದೆ. ಮುಖ ಎಷ್ಟು, ಎದೆ ಎಷ್ಟು, ಮಂಡಿ ಎಷ್ಟು ಎಂಬುದರಲ್ಲಿ ಶಿಲ್ಪಿಯ ಇಷ್ಟಕ್ಕೆ ಎಡೆ ಕಡಿಮೆ, ಇರಬೇಕಾದದ್ದೂ ಹಾಗೆಯೇ. ಪೀಠ ಕೆತ್ತುವುದು, ಕಂಬ ಕಡೆಯುವುದು, ಶಂಕುಸ್ಥಾಪನೆಯ ಫಲಕದಲ್ಲಿ ಅಕ್ಷರ ಕೊರೆಯುವುದು ಇವೆಲ್ಲ ಆ ಬದುಕಿನೊಳಗೇ ಸೇರಿದ ಕೆಲಸಗಳು. ಎಲೆಗೆ ಸುಣ್ಣ ಹಚ್ಚುವ ಅಜ್ಜಿಯನ್ನು ಕೆತ್ತಿಕೊಡಿ ಎಂದು ಮುಂಗಡ ಹಿಡಿದು ಬರುವವರು ಅಪರೂಪ. ಅಂದರೆ ಕಸುಬು ಮತ್ತು ಸೃಷ್ಟಿಯ ನಡುವಿನ ಗೆರೆ ವೈಂಡಿಂಗ್ ಅಂಗಡಿಗೂ ಶಿಲ್ಪಶಾಲೆಗೂ ನಡುವೆ ಮಾತ್ರ ಇರುವುದಲ್ಲ, ಶಿಲ್ಪಶಾಲೆಯ ಒಳಗೂ ಇದೆ. ನಾಳೆ ನೀವು ಪೂರ್ಣಾವಧಿ ಶಿಲ್ಪಿಯಾದರೂ, ಹಗಲೆಲ್ಲ ಅಳತೆಯ ಗಣಪತಿಯನ್ನು ಕೆತ್ತಿ, ಅಜ್ಜಿಯನ್ನು ಕೆತ್ತಲು ಮತ್ತೆ ರಾತ್ರಿಯನ್ನೇ ಹುಡುಕಬೇಕಾಗಬಹುದು.

ಇದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ತಂದೆ ಹಾಸನದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಸಂಜೆ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಹಾರ್ಮೋನಿಯಂ ಮುಂದೆ ಕುಳಿತರೆ ನಮಗೆ ಊಟ ಬಡಿಸುವುದನ್ನು ಅಮ್ಮ ಮರೆಯುತ್ತಿದ್ದರು. ಮುಂದೆ ಅವರು ಮಷೀನನ್ನು ತಮ್ಮನಿಗೆ ಒಪ್ಪಿಸಿ, ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರಾಗಿ ಹೊರಟರು. ಹೆಸರು ಬಂತು, ಶಾಲು ಹೊದಿಸಿದರು, ಹಣವೂ ಅಷ್ಟಿಷ್ಟು ಬಂತು. ಆದರೆ ತಾಳ ತಪ್ಪುವ ಪಾತ್ರಧಾರಿಗಳಿಗೆ ತಿಂಗಳುಗಟ್ಟಲೆ ಅದೇ ಕಂದಪದ್ಯ, ಅದೇ ವೃತ್ತಪದ್ಯವನ್ನು ತಿದ್ದಿ ತಿದ್ದಿ ದಣಿದು ಬಂದವರು ಮನೆಯಲ್ಲಿ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆಯುವುದನ್ನೇ ನಿಲ್ಲಿಸಿದರು. ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಮಷೀನ್ ತುಳಿಯುತ್ತಿದ್ದ ವರ್ಷಗಳಲ್ಲಿ ಹಾರ್ಮೋನಿಯಂ ಅವರದಾಗಿತ್ತು, ಆಮೇಲೆ ಅದು ಊರವರದಾಯಿತು ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಹಾಗಾದರೆ ವೈಂಡಿಂಗ್ ಇಟ್ಟುಕೊಂಡೇ ಬಿಡುವಿನಲ್ಲಿ ಕೆತ್ತಿದರೆ ಸಾಕಲ್ಲವೇ ಎಂದು ನಿಮ್ಮ ತಂದೆ ಕೇಳಬಹುದು. ನಮ್ಮ ಜಿಲ್ಲೆಗಳಲ್ಲಿ ಅದಕ್ಕೆ ದೊಡ್ಡ ಉದಾಹರಣೆಗಳೇ ಇವೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರು ವಕೀಲರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ ಬರೆದವರು. ಆದರೆ ಈ ಉದಾಹರಣೆಗಳನ್ನು ನಿಮಗೆ ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ. ಬರೆಯುವವರು ಕಕ್ಷಿಗಾರ ಬರುವ ಮೊದಲು ನಾಲ್ಕು ಸಾಲು ಬರೆದಿಡಬಹುದು, ತೋಟದಲ್ಲಿ ನಡೆಯುತ್ತಾ ಕಥೆಯನ್ನು ಮನಸ್ಸಿನಲ್ಲೇ ಬೆಳೆಸಬಹುದು. ಕಲ್ಲು ಹಾಗೆ ಬಿಡುವಿಗೆ ಒಗ್ಗುವುದಿಲ್ಲ. ಅದಕ್ಕೆ ಹಗಲಿನ ಬೆಳಕು ಬೇಕು, ಜಾಗ ಬೇಕು, ಸುತ್ತಿಗೆಯ ಸದ್ದನ್ನು ಸಹಿಸುವ ನೆರೆಹೊರೆ ಬೇಕು. ಮುಖ್ಯವಾಗಿ, ನಿಮ್ಮ ಎರಡೂ ಕೆಲಸಗಳು ಬೇಡುವುದು ಅದೇ ಕಣ್ಣನ್ನು, ಅದೇ ಬೆರಳುಗಳನ್ನು. ಬೆಳಗಿನಿಂದ ಮೋಟಾರಿನ ತಿರುಗದ ಭಾಗವಾದ ಸ್ಟೇಟರಿನ ಸ್ಲಾಟುಗಳಲ್ಲಿ ಒಂದೊಂದೇ ಎಳೆಯನ್ನು ತೂರಿಸಿ, ಸುತ್ತು ಎಣಿಸಿ, ತಂತಿಯ ಮೇಲಿನ ಹೊದಿಕೆ ಎಲ್ಲಿಯೂ ಗೀರದಂತೆ ಕೂರಿಸಿದ ಕೈ ರಾತ್ರಿ ಒಂಬತ್ತಕ್ಕೆ ಉಳಿ ಹಿಡಿದರೆ ಎಷ್ಟು ನಡುಗುತ್ತದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗಿದ್ದೂ ಮೂರು ವರ್ಷ ಬಿಡದೆ ಕೆತ್ತಿದ್ದೀರಿ. ಅಂಗಡಿಯಿಂದ ತಪ್ಪಿಸಿಕೊಳ್ಳಲು ಕಲೆಯ ಹೆಸರು ಹೇಳುವವರು ಹೀಗೆ ಮಾಡುವುದಿಲ್ಲ. ಬಿಡುವಿನ ಅಭ್ಯಾಸ ಸಾಲದು, ಕೆಲವು ಕಾಲವಾದರೂ ಹಗಲು ಹೊತ್ತನ್ನು ಕಲ್ಲಿಗೆ ಕೊಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅರುಣ್ ಯೋಗಿರಾಜ್ ಅವರ ವಿಷಯದಲ್ಲಿ ನಿಮ್ಮ ತಂದೆಯ ಮಾತಿನಲ್ಲಿ ಸತ್ಯವಿದೆ. ಅವರು ಎಂ.ಬಿ.ಎ. ಓದಿ, ಖಾಸಗಿ ಕೆಲಸದಲ್ಲಿ ಸ್ವಲ್ಪ ಕಾಲ ಇದ್ದು, 2008ರಲ್ಲಿ ಶಿಲ್ಪಕ್ಕೆ ಮರಳಿದರು. ಮರಳಿದ್ದು ಐದು ತಲೆಮಾರುಗಳಿಂದ ಉಳಿಯ ಸದ್ದು ಕೇಳುತ್ತಿದ್ದ ತಮ್ಮ ಮನೆಗೆ. ನೀವು ಹೋಗಬೇಕಾಗಿರುವುದು ಹೊಸ ಮನೆಗೆ. ಆದರೆ ಅದೇ ಮಾತನ್ನು ತಂದೆಯವರಿಗೆ ತಿರುಗಿಸಿಯೂ ಹೇಳಬಹುದು. ಮನೆಯಲ್ಲಿ ಕಲಿಯುವ ಅನುಕೂಲ ಇಲ್ಲದವರಿಗೇ ಹೊರಗೆ ಕಲಿಸುವ ಜಾಗ ಹೆಚ್ಚು ಬೇಕಾಗುವುದು.

ಅಂಥ ಜಾಗಗಳು ದೂರವಿಲ್ಲ. ಕಾರ್ಕಳದ ಬಳಿಯ ಮಿಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ. ಅಲ್ಲಿ ಕಲ್ಲು, ಮರ, ಲೋಹದ ಶಿಲ್ಪವನ್ನು ವಸತಿಯೊಂದಿಗೆ ಕಲಿಸುತ್ತಾರೆ. ಮೈಸೂರಿನಲ್ಲಿ, ಎಲ್ಲರೂ ಕಾವಾ ಎಂದು ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪಕಲೆಯಲ್ಲಿಯೂ ಪದವಿ ಪಡೆಯಬಹುದು. ನಿಮ್ಮ ಸ್ಥಿತಿಗೆ ಮೊದಲನೆಯ ಬಗೆಯದು, ಅಂದರೆ ಕೈಕೆಲಸಕ್ಕೇ ಒತ್ತುಕೊಡುವ ತರಬೇತಿ, ಹೆಚ್ಚು ಹೊಂದುತ್ತದೆ. ಫೋನಿನಲ್ಲಿ ಕೇಳಿ ಸುಮ್ಮನಾಗದೆ ಒಂದು ಭಾನುವಾರವಲ್ಲದ ದಿನ ಖುದ್ದಾಗಿ ಹೋಗಿ, ಕಲಿಯುತ್ತಿರುವವರ ಪಕ್ಕ ಒಂದು ಗಂಟೆ ನಿಂತು ಬನ್ನಿ. ಅಜ್ಜಿಯ ಮೂರ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಕಲ್ಲಿನ ಧೂಳಿನ ವಿಷಯವನ್ನೂ ಅಲ್ಲೇ ಕೇಳಿ ತಿಳಿಯಿರಿ. ಗ್ರಾನೈಟಿನ ಧೂಳು ಶ್ವಾಸಕೋಶದಲ್ಲಿ ಸೇರಿ ಮಾಡುವ ಹಾನಿಗೆ ಮದ್ದಿಲ್ಲ, ಬಳಪದ ಕಲ್ಲಿನ ನಯವಾದ ಪುಡಿಯೂ ಒಳ್ಳೆಯದಲ್ಲ. ಹಿತ್ತಿಲಿನಲ್ಲಿ ಈಗಲೂ ಮುಖಕ್ಕೆ ಮಾಸ್ಕ್ ಇಲ್ಲದೆ ಕೂರಬೇಡಿ.

ಇನ್ನು ಮಾವನವರ ಮಾತು. ಇದು ನನಗೆ ಎಲ್ಲಕ್ಕಿಂತ ಸೂಕ್ಷ್ಮವಾಗಿ ಕಂಡಿತು. ಫೆಬ್ರವರಿಯಿಂದ ಮೇ ವರೆಗೆ ಅಂಥ ಅಂಗಡಿಯ ಮುಂದೆ ಮೋಟಾರುಗಳು ಸಾಲುಗಟ್ಟಿರುತ್ತವೆ. ವೋಲ್ಟೇಜ್ ಕುಸಿದೋ, ಮೂರು ಫೇಸಿನಲ್ಲಿ ಒಂದು ಹೋಗಿಯೋ, ಉಳಿದ ತಂತಿಗಳಲ್ಲಿ ಕರೆಂಟ್ ಹೆಚ್ಚಾಗಿ ಹರಿದು ಕಾಯಿಲ್ ಸುಟ್ಟಿರುತ್ತದೆ. ತೆಂಗಿನ ಬುಡ ಒಣಗುತ್ತಿರುವ ರೈತ ನಾಳೆ ಬಾ ಎಂದರೆ ಹೋಗುವುದಿಲ್ಲ, ಜಗಲಿಯ ಮೇಲೆ ಕೂರುತ್ತಾನೆ. ಅವನ ಬೆಳೆಯನ್ನು ಉಳಿಸುವ ಈ ಕೆಲಸ ಕಲೆಗಿಂತ ಕೆಳಗಿನದೆಂದು ನೀವು ಎಲ್ಲಿಯೂ ಬರೆದಿಲ್ಲ, ಅದು ನನಗೆ ಹಿಡಿಸಿತು. ನಿಮ್ಮನ್ನು ನಂಬಿ ಅಂಗಡಿಯನ್ನೇ ಕೊಡಲು ಬಂದ ಹಿರಿಯರಿಗೆ ಅರೆಮನಸ್ಸಿನ ಒಪ್ಪಿಗೆ ಕೊಡುವುದು ಮಾತ್ರ ಅನ್ಯಾಯವಾಗುತ್ತದೆ. ದೀಪಾವಳಿಗೆ ಅಂಗಡಿಯನ್ನು ಹೆಸರಿಗೆ ಬರೆಸಿಕೊಳ್ಳಬೇಡಿ. ಬದಲಾಗಿ ಅವರ ಎದುರು ಕುಳಿತು ಹೀಗೆ ಹೇಳಿ: 'ಮಾವ, ಮುಂದಿನ ಬೇಸಿಗೆ ಪೂರ್ತಿ ನಿಮ್ಮ ಜೊತೆ ಇರುತ್ತೇನೆ. ಈಗಿನಿಂದಲೇ ಒಬ್ಬ ಹುಡುಗನನ್ನು ಸೇರಿಸಿಕೊಳ್ಳೋಣ, ಅವನಿಗೆ ಕಾಯಿಲ್ ಕಟ್ಟುವುದನ್ನು ನಾನೇ ಕಲಿಸುತ್ತೇನೆ. ಮಳೆ ಹಿಡಿದು ಕೆಲಸ ಇಳಿದ ಮೇಲೆ ತರಬೇತಿಗೆ ಹೋಗುತ್ತೇನೆ. ಮುಗಿಸಿ ಬಂದ ಮೇಲೆ ಅಂಗಡಿಯ ಮಾತು ಆಡೋಣ. ಅಷ್ಟು ದಿನ ನೀವು ಕಾಯಲಾರಿರಿ ಎಂದಾದರೆ, ಆ ಹುಡುಗನಿಗೆ ಕೊಟ್ಟರೂ ನನಗೆ ಬೇಸರವಿಲ್ಲ.' ಕೊನೆಯ ವಾಕ್ಯವನ್ನು ಹೇಳಲು ಮನಸ್ಸು ಬರದಿದ್ದರೆ, ನಿಮಗೆ ಅಂಗಡಿ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಪ್ರಿಯವೆಂದು ತಿಳಿಯಿರಿ. ಅದೂ ತಿಳಿಯಬೇಕಾದ ವಿಷಯವೇ.

ಬೇಸಿಗೆಯ ದುಡಿಮೆಯಲ್ಲಿ ತಂಗಿಯ ಕೊನೆಯ ವರ್ಷದ ಫೀಸನ್ನು ಮೊದಲು ತೆಗೆದಿಡಿ. ಕಲಿಕೆಗಾಗಿ ಸಾಲ ಮಾಡಬೇಡಿ, ಮನೆಯ ಒಡವೆಯನ್ನು ಅಡವಿಡಬೇಡಿ. ಸಾಲ ತಲೆಯ ಮೇಲಿದ್ದರೆ ತರಬೇತಿ ಮುಗಿದ ಮರುದಿನವೇ ಸಿಕ್ಕ ಗಣಪತಿಗೆಲ್ಲ ಒಪ್ಪಬೇಕಾಗುತ್ತದೆ. ವೈಂಡಿಂಗ್ ವಿದ್ಯೆ ಒಂದೆರಡು ವರ್ಷದಲ್ಲಿ ಮರೆತುಹೋಗುವಂಥದ್ದಲ್ಲ. ಬೋರ್‌ವೆಲ್ ಇರುವ ಯಾವ ಊರಿನಲ್ಲಿಯೂ ಅದು ನಿಮಗೆ ಊಟ ಕೊಡುತ್ತದೆ, ಬೇಡದ ಕೆತ್ತನೆಗೆ ಇಲ್ಲವೆನ್ನುವ ಶಕ್ತಿಯನ್ನೂ ಕೊಡುತ್ತದೆ.

ಒಂದು ಕೆಲಸ ಈ ತಿಂಗಳೇ ಮಾಡಿ. ಬೇಲೂರಿಗೆ ನೀವು ಹಲವು ಸಲ ಹೋಗಿರುತ್ತೀರಿ. ಈ ಬಾರಿ ಅಲಂಕಾರವನ್ನು ನೋಡಬೇಡಿ, ಮದನಿಕೆಯರ ಮಂಡಿ, ಹಿಮ್ಮಡಿ, ಸೊಂಟದ ಓರೆಯನ್ನು ಮಾತ್ರ ನೋಡಿ ಬರೆದುಕೊಳ್ಳಿ. ಅಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದವುಗಳ ಕೆಳಗೆ ಹೆಸರು ಕೊರೆದಿದ್ದಾರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಗುಡಿಯಲ್ಲಿ ಸಿಗುವ ಶಿಲ್ಪಿ ಮಲ್ಲಿತಮ್ಮನ ಹೆಸರು ದೂರದ ಸೋಮನಾಥಪುರದ ಗುಡಿಯಲ್ಲಿಯೂ ಸಿಗುತ್ತದೆ. ಕೆಲಸ ಇದ್ದ ಊರಿಗೆ ಹೋಗಿ, ಹೇಳಿದ ದೇವರನ್ನು ಕೆತ್ತಿ ಬದುಕಿದ ಕಸುಬುದಾರರು ಅವರು, ಹೆಸರು ಬರೆಯುವಷ್ಟು ತಮ್ಮತನ ಉಳಿಸಿಕೊಂಡವರು. ಅಜ್ಜಿಯ ಮೂರ್ತಿಯ ಪೀಠದ ಕೆಳಗೆ ನೀವಿನ್ನೂ ಹೆಸರು ಹಾಕಿದಂತಿಲ್ಲ. ಮಂಡಿಯನ್ನು ಸರಿಪಡಿಸಿ ಇನ್ನೊಮ್ಮೆ ಕೆತ್ತಿದಾಗ ಹಾಕಿ, ಆ ಫೋಟೋವನ್ನೂ ನನಗೆ ಕಳುಹಿಸಿ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರಕ್ಕೆ ಆಸರೆಯಾಗಿರುವವಳು. ಮಗಳು ಎರಡನೇ ಪಿಯುಸಿ. ಚಿತ್ರಕಲೆಯಲ್ಲಿ ಪದವಿ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಮೊದಲು ಹೊಲಿಗೆ ಪೂರ್ತಿ ಕಲಿ, ಆಮೇಲೆ ಕಳುಹಿಸುತ್ತೇನೆ ಎಂದು ಷರತ್ತು ಹಾಕಿದ್ದೇನೆ. ಇದು ಸರಿಯೇ ಅಕ್ಕಾ?

ಉತ್ತರ: ಹೊಲಿಗೆ ಕಲಿಸಿ ತಂಗೀ, ಷರತ್ತನ್ನು ಮಾತ್ರ ತೆಗೆದುಹಾಕಿ. ನಿಮ್ಮನ್ನು ಸಾಕಿದ ವಿದ್ಯೆ ಅವಳ ಪಾಲಿಗೆ ದಂಡವಾಗಬಾರದು. ಕಟೋರಿ ಬ್ಲೌಸಿನ ಕಟಿಂಗನ್ನು ಚಪ್ಪಟೆ ಬಟ್ಟೆಯ ಮೇಲೆ ಗುರುತು ಹಾಕುವಾಗ ಅದು ಮೈಮೇಲೆ ಹೇಗೆ ಉಬ್ಬುತ್ತದೆಂದು ನೀವು ಮೊದಲೇ ಕಂಡಿರುತ್ತೀರಿ. ಚಿತ್ರ ಬರೆಯುವವಳಿಗೆ ಆ ಕಣ್ಣು ಬೇಕು. ಅದನ್ನು ಹಾಗೆಂದೇ ಹೇಳಿಕೊಡಿ. ಮೇಲಿನ ಉತ್ತರವನ್ನು ಓದಿ, ಮೊದಲು ಕಸುಬು ಕೈಗೆ ಬರಲಿ ಎಂದಿದ್ದಾರೆ ನೋಡು ಎಂದು ಅವಳಿಗೆ ತೋರಿಸಬೇಡಿ. ಆ ಹುಡುಗನಿಗೆ 22 ವರ್ಷ, ಅವನ ದಾರಿಯಲ್ಲಿ ಕಸುಬು ಮೊದಲು ಬಂತು. ನಿಮ್ಮ ಮಗಳು ಈಗ ಓದಿನ ವಯಸ್ಸಿನಲ್ಲಿದ್ದಾಳೆ, ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ಸಮಯ ಹೊಲಿಗೆ ಮುಗಿಯಲೆಂದು ಕಾಯುವುದಿಲ್ಲ. ಪದವಿ ನಾಲ್ಕು ವರ್ಷದ್ದು, ಬಣ್ಣ, ಕಾಗದ, ಕ್ಯಾನ್‌ವಾಸಿನ ಖರ್ಚು ಫೀಸಿಗಿಂತ ಹೊರತು. ಅದನ್ನೆಲ್ಲ ಕೂಡಿಸಿ ಬರೆದು, ನಿಮ್ಮ ಮನೆಯಿಂದ ಎಷ್ಟಾಗುತ್ತದೆಂದು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಉಳಿದದ್ದಕ್ಕೆ ಅವಳೇ ರಜೆಯಲ್ಲಿ ನಿಮ್ಮ ಮಷೀನಿನ ಮುಂದೆ ಕೂರಲಿ.

ಅವಳು ಈವರೆಗೆ ಬರೆದ ಚಿತ್ರಗಳನ್ನು ಪ್ರವೇಶದ ಹೊತ್ತಿಗೆ ತೋರಿಸಬೇಕಾಗಬಹುದು. ಈ ಮಳೆಗಾಲದಲ್ಲಿ ಅವನ್ನು ಅಟ್ಟದ ಮೇಲೆ ಇಡಬೇಡಿ, ನಿಮ್ಮ ಊರಿನ ಥಂಡಿಗೆ ಕಾಗದ ಬೂಸ್ಟು ಹಿಡಿಯುತ್ತದೆ. ಸೀರೆಗಳ ಜೊತೆ ಬೀರುವಿನಲ್ಲಿ ಇಡಿ.